ಅವರಿಗೆ ಹೇಳು

ಮಕ್ಕಳೇ, ಹೋದ ಭಾನುವಾರ ಬೆಳಿಗ್ಗೆ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೊರಟೆ. ನನ್ನ ಮಗಳು, ಅಂದರೆ ನಿಮ್ಮ ಅತ್ತೆ ಸುಮಳ ಗಂಡ ರಮೇಶ ಅನಂತಪುರದಲ್ಲಿ ಬೇರೆ ರೂಮು ಹಿಡಿದಿದ್ದಾನೆ, ಇವತ್ತೇ ಮನೆ ಬಿಡುತ್ತಾನೆ ಎಂದು ಫೋನು ಬಂದಿತ್ತು. ಹೇಗಾದರೂ ನಿಲ್ಲಿಸಬೇಕೆಂದು ನನ್ನ ಆಸೆ. ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರು ಹೆಂಗಸರಿಗೆ ಕೊಡುವ ದುಡ್ಡಿಲ್ಲದ ಟಿಕೆಟ್ಟು ಕೊಟ್ಟ. ಸೋಮಂದೇಪಲ್ಲಿ ದಾಟುವಾಗ ಇನ್ನೂ ತಂಪಿತ್ತು. ಪೆನುಕೊಂಡದಲ್ಲಿ ಇಡ್ಲಿ ತಿಂದು ಬಸ್ಸು ಬದಲಾಯಿಸಿದೆ. ಆಮೇಲೆ ಎರಡೂ ಕಡೆ ಕಡಲೆಕಾಯಿ ಹೊಲ, ಬಿಸಿಲು, ಕಿಟಕಿ ತುಂಬ ಧೂಳು.

ಮಧ್ಯಾಹ್ನ ತಲುಪಿದಾಗ ರಮೇಶ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ. ಸುಮ ಒಲೆಯ ಮುಂದೆ ಅವನಿಗೆ ಬೆನ್ನು ಮಾಡಿ ನಿಂತಿದ್ದಳು.

“ಅಮ್ಮ, ಅವ್ರಿಗೆ ಹೇಳು, ಮುದ್ದೆ ಆರೋಯ್ತದೆ,” ಅಂದಳು.

“ನಾನೇನು ಚೆವಿಟೋಡಾ, ಕಿವಿ ಕೇಳ್ಸಲ್ವಾ? ಇಲ್ಲೇ ಇದೀನಲ್ಲ!” ರಮೇಶ ನಕ್ಕ. ನಗು ಮುಗಿಯುವ ಮೊದಲೇ ಮುಖ ಬಾಡಿತು. “ನೋಡಿ ಅತ್ತೆ, ಸಿಟ್ಟು ಬಂದ್ರೆ ಪಕ್ಕದ ಮನೆಯವ್ರ ಕೈಲಿ ಹೇಳಿಸ್ತಾಳೆ. ಯಾರೂ ಇಲ್ದಿದ್ರೆ ಬೆಕ್ಕಿಗೆ ಹೇಳ್ತಾಳೆ. ನನ್ ಮುಖ ನೋಡಿ ಹೋಗ್ಬ್ಯಾಡ ಅನ್ಲಿ, ಬ್ಯಾಗು ಇಲ್ಲೇ ಬಿಸಾಕ್ತೀನಿ.”

ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳುವುದಿರಲಿ, ಹಿರಿಯರ ಎದುರು ಗಂಡನೊಡನೆ ನೇರವಾಗಿ ಮಾತೂ ಆಡುತ್ತಿರಲಿಲ್ಲ. ನಿಮ್ಮ ತಾತ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು, ನಾನು ಅಡುಗೆಮನೆಯಲ್ಲಿ. “ನಿಮ್ಮಪ್ಪನಿಗೆ ಹೇಳು” ಎಂದು ಸುಮಳನ್ನು ಓಡಿಸುತ್ತಿದ್ದೆ. ಸಿಟ್ಟಿದ್ದ ದಿನ ಅವಳ ಓಡಾಟ ಹೆಚ್ಚು. ಹಿರಿಯರು ತೀರಿಕೊಂಡ ಮೇಲೂ ಅಭ್ಯಾಸ ಹೋಗಲಿಲ್ಲ. ಗಂಡಹೆಂಡಿರೆಂದರೆ ನಡುವೆ ಒಬ್ಬರು ಇರಬೇಕೆಂದೇ ಆ ಮಗು ಕಲಿತುಕೊಂಡಿತು. ಅವಳಿಗೆ ಅದು ಗೊತ್ತೇ ಇಲ್ಲ. ನನಗೂ ರಮೇಶನ ಮಾತು ಕೇಳಿದಾಗಲೇ ಗೊತ್ತಾದದ್ದು.

“ನೀನೇ ಹೇಳಮ್ಮ,” ಎಂದು ಸುಮಳಿಗೆ ಹೇಳಿ ಅಂಗಳಕ್ಕೆ ಬಂದೆ. ನಡುವೆ ಯಾರೂ ಇಲ್ಲದಿದ್ದರೆ ಹೇಳಿಯಾಳು ಅಂದುಕೊಂಡೆ. ಒಳಗೆ ಪಾತ್ರೆಯ ಸದ್ದೂ ಇಲ್ಲ. ರಮೇಶ ಬಾಗಿಲಲ್ಲಿ ಬಹಳ ಹೊತ್ತು ಚಪ್ಪಲಿ ಹಾಕಿಕೊಂಡ. “ಬತ್ತೀನಿ ಅತ್ತೆ,” ಎಂದು ಆಟೋ ಹತ್ತಿದ. ಅದು ತಿರುವಿನಲ್ಲಿ ಮರೆಯಾದ ಮೇಲೆ ಸುಮ ಓಡಿಬಂದು ನನ್ನ ಕೈ ಹಿಡಿದಳು.

“ಹೋಗ್ಬ್ಯಾಡ ಅಂತ ಹೇಳಮ್ಮ ಅವ್ರಿಗೆ!”

ಎರಡು ದಿನ ಇದ್ದು ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯ ಕೆಳಗೆ ನಿಂತ ಸುಮ, ನನ್ನತ್ತ ನೋಡದೆ, ಪಕ್ಕದ ಸೀಟಿನ ಹೆಂಗಸಿಗೆ, “ಪೆನುಕೊಂಡದಲ್ಲಿ ಇಳೀಬೇಕು ಅಂತ ನಮ್ಮಮ್ಮಂಗೆ ಹೇಳಕ್ಕ,” ಅಂದಳು. ಅವಳ ಕೆನ್ನೆ ಸವರಲು ಕೈ ಚಾಚಿದೆ. ಬಾಯಿಗೆ ಬಂದದ್ದು ಮಾತ್ರ, ಅದೂ ಪಕ್ಕದ ಆ ಹೆಂಗಸಿಗೆ, ಇಷ್ಟೇ:

“ಹೊತ್ತೊತ್ತಿಗೆ ಉಣ್ಣು ಅಂತ ಹೇಳಮ್ಮ, ನಮ್ಮ ಹುಡುಗಿಗೆ.”

ಬಸ್ಸು ಹೊರಟಿತು.