ಟಚಪ್ ಅಕ್ಕನ ಹೊಸ ಮಾನಿಟರ್

ಊರಿನ ಮುಖಗಳಲ್ಲಿ ಅರ್ಧದಷ್ಟು ಫೋಟೊ ತಿದ್ದುವ ಟಚಪ್ ಅಕ್ಕನ ಕೈಯಡಿ ಹಾದುಹೋಗಿದ್ದವು. ಅರ್ಜಿಗೆ ಅಂಟಿಸುವ ಪುಟ್ಟ ಮುಖಗಳು, ಮದುವೆ ಆಲ್ಬಮ್ಮಿನ ಮುಖಗಳು, ಸತ್ತ ಮೇಲೆ ದೊಡ್ಡದು ಮಾಡಿಸಿ ಗೋಡೆಗೆ ಏರಿಸಿದ ಮುಖಗಳು. ಬಸ್ಸಿನಲ್ಲಿ ಯಾರಾದರೂ ಎದುರು ಬಂದು ಕೂತರೆ ಅವಳಿಗೆ ಹೆಸರು ಹೊಳೆಯುತ್ತಿರಲಿಲ್ಲ. ಹುಬ್ಬಿನ ಪಕ್ಕದ ಹಳೇ ಗಾಯದ ಗೆರೆ ಹೊಳೆಯುತ್ತಿತ್ತು.

ಇಪ್ಪತ್ತಮೂರು ವರ್ಷ ಒಂದೇ ಸ್ಟುಡಿಯೊ, ಕಿಟಕಿಯಿಲ್ಲದ ಒಂದೇ ಕೋಣೆ. ಶುರುವಿನಲ್ಲಿ ಮೂರೆಳೆ ಕೂದಲಿನ ಕುಂಚ ಹಿಡಿದು ಪ್ರಿಂಟಿನ ಮೇಲೆಯೇ ಬಣ್ಣ ತುಂಬುತ್ತಿದ್ದಳು. ಆಮೇಲೆ ಕಂಪ್ಯೂಟರ್ ಬಂತು. ಸಲಕರಣೆ ಬದಲಾಯಿತೇ ಹೊರತು ಅವಳ ಕಟ್ಟುಪಾಡು ಬದಲಾಗಲಿಲ್ಲ. ಮೊಡವೆ ಅಳಿಸಬೇಕು, ಮಚ್ಚೆ ಬಿಡಬೇಕು. ಮೊಡವೆ ವಾರಕ್ಕೆ ಬಂದ ನೆಂಟ, ಮಚ್ಚೆ ಮನೆಯವನು. ಮಚ್ಚೆ ತೆಗೆದುಬಿಡಿ ಎಂದು ಗಿರಾಕಿಯೇ ಹೇಳಿದರೂ, "ನಿಮ್ಮಮ್ಮನ್ನ ಒಂದು ಮಾತು ಕೇಳ್ಕೊಂಡು ಬನ್ನಿ" ಅನ್ನುತ್ತಿದ್ದಳು.

ಈ ಕಟ್ಟುಪಾಡನ್ನು ಅವಳು ಪೂರ್ತಿಯಾಗಿ ಕಲಿಸಿದ್ದು ಒಬ್ಬನಿಗೆ. ಅವನು ಪಕ್ಕದ ಕುರ್ಚಿಯಲ್ಲಿ ಒಂಬತ್ತು ವರ್ಷ ಕೂತವನು. ಎಲ್ಲದಕ್ಕೂ ಅವಸರ, ಚಹಾವನ್ನೂ ನಿಂತೇ ಕುಡಿಯುವವನು; ಅದಕ್ಕೇ ಅವಳು ಇಟ್ಟ ಹೆಸರು ಅರ್ಜೆಂಟಪ್ಪ. ಕಲೆ ಮುಚ್ಚಲು ಪಕ್ಕದ ಚರ್ಮದ ಚೂರನ್ನು ನಕಲು ಮಾಡಿ ಅಂಟಿಸುವುದನ್ನು ಹೇಳಿಕೊಡುವಾಗ ಅವಳು ಎಚ್ಚರಿಸಿದ್ದಳು: "ತೀರಾ ಪಕ್ಕದಿಂದ ತೆಗೀಬೇಡ ಕಣೋ. ಆ ಚೂರಲ್ಲಿ ಒಂದು ರೋಮ ಇತ್ತು ಅನ್ಕೋ, ಮುಖದ ಮೇಲೆ ಎರಡು ರೋಮ ಆಗುತ್ತೆ. ಅವಳಿ ಹುಟ್ಟಿಸಬೇಡ." ಅರ್ಜೆಂಟಪ್ಪ ಆಗಾಗ ಅವಳಿ ಹುಟ್ಟಿಸುತ್ತಿದ್ದ. ಅವಳು ಕಿವಿ ಹಿಂಡಿದಂತೆ ಮಾಡಿ ಸದ್ದಿಲ್ಲದೆ ಸರಿಪಡಿಸುತ್ತಿದ್ದಳು. ಆರು ವರ್ಷದ ಹಿಂದೆ ಅವನು ಕೆಲಸ ಬಿಟ್ಟು ಎರಡು ಬೀದಿಯಾಚೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ ಹಾಕಿದ. ಅಂಗಡಿಯ ಬೋರ್ಡಿನ ಅಕ್ಷರಗಳನ್ನು ಜೋಡಿಸಿಕೊಟ್ಟವಳೂ ಅವಳೇ.

ಈ ವರ್ಷ ಸ್ಟುಡಿಯೊ ಮುಚ್ಚಿತು. ಕೊನೆಯ ದಿನ ಅವಳು ಮಾಲೀಕರ ಮುಂದೆ ನಿಂತು, ಬಾಯಿಗೆ ಬಂದಿದ್ದನ್ನು ಎರಡು ಸಲ ನುಂಗಿ, ಕಡೆಗೆ ಕೇಳಿದ್ದಳು: "ಸಾರ್, ನಾನು ಕೆಲಸ ಮಾಡ್ತಿದ್ದ ಮಾನಿಟರ್ ನಾನೇ ತಗೊಳ್ಳಲಾ?"

"ಅಯ್ಯೋ, ನಿನ್ನೆ ಅಂದಿದ್ರೆ ಕೊಡ್ತಿದ್ನಲ್ಲಮ್ಮ. ಎಲ್ಲಾ ಒಟ್ಟಿಗೆ ಹಳೇ ಸಾಮಾನಿನವರಿಗೆ ಹಾಕ್ಬಿಟ್ಟೆ."

ಹೋಗಲಿ ಬಿಡು ಅಂದುಕೊಂಡಳು. ಅಷ್ಟರಲ್ಲಿ ಅವಳ ಹೆಸರಿಗೇ ಒಂದು ಕೆಲಸ ಬಂದಿತ್ತು. ಶಾಲೆಯೊಂದರ ಹಳೇ ವಿದ್ಯಾರ್ಥಿಗಳು ತಮ್ಮ ಮೇಡಂ ನಿವೃತ್ತಿಗೆಂದು ನೂರಹನ್ನೆರಡು ಮಾಸಲು ಫೋಟೊ ತಂದುಕೊಟ್ಟಿದ್ದರು. ಎಲ್ಲವನ್ನೂ ತಿದ್ದಿ, ಅರ್ಧ ಗಂಟೆಯ ವಿಡಿಯೊ ಮಾಡಿಕೊಡಬೇಕು. ಚೆನ್ನಾಗಿ ಬಂದರೆ ಇನ್ನೂ ಎರಡು ಶಾಲೆಯವರು ಕಾದಿದ್ದರು. ಕೆಟ್ಟರೆ, ನಲವತ್ತೆಂಟನೆಯ ವಯಸ್ಸಿನಲ್ಲಿ ಯಾರ ಅಂಗಡಿಯ ಕುರ್ಚಿ ಹುಡುಕುವುದು?

ಮನೆಯಲ್ಲೇ ಕಂಪ್ಯೂಟರ್ ಕಟ್ಟಿಸಬೇಕು, ಅದೂ ಕೈಯಲ್ಲಿದ್ದಷ್ಟರಲ್ಲಿ. ಅರ್ಜೆಂಟಪ್ಪ ಒಂದು ಭಾನುವಾರ ಬೆಳಿಗ್ಗೆ ಬಂದು ಊಟದ ಮೇಜಿನ ಮೇಲೆ ಹಾಳೆ ಹರಡಿದ. ಲಾರಿ ಓಡಿಸುವ ಗಂಡ ಊರಲ್ಲಿರಲಿಲ್ಲ. ಅತ್ತೆ ಎದುರಿನ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ನೋಡಿ ಅಕ್ಕ, ಪ್ರೊಸೆಸರ್ ಅಂದ್ರೆ ಅಡುಗೆಯವನು. ರ‍್ಯಾಮ್ ಅಂದ್ರೆ ಅಡುಗೆಕಟ್ಟೆ. ಅಡುಗೆಯವನು ಎಷ್ಟೇ ಚುರುಕಾಗಿದ್ರೂ ಕಟ್ಟೆ ಇಕ್ಕಟ್ಟಾದ್ರೆ ಹೆಚ್ಚಿದ ತರಕಾರಿ ಎಲ್ಲಿಡ್ತಾನೆ? ನಿಮಗೆ ಕಟ್ಟೆ ಅಗಲವಾಗಿರ್ಲಿ."

"ಹಾರ್ಡ್ ಡಿಸ್ಕು?"

"ಅದು ಅಟ್ಟ. ಮುಗಿದ ಕೆಲಸ ಅಲ್ಲಿಗೆ ಹಾಕಿ. ದಿನದ ಕೆಲಸಕ್ಕೆ ಎಸ್‌ಎಸ್‌ಡಿ, ಅದು ಕೈಗೆಟುಕೋ ಕಪಾಟು."

"ಇಷ್ಟು ದೊಡ್ಡ ಅಡುಗೆಮನೆ," ಅತ್ತೆ ತಲೆಯೆತ್ತದೆ ಅಂದರು, "ಪಾತ್ರೆ ತೊಳೆಯೋನು ಯಾರಪ್ಪ?"

"ಅದಕ್ಕೆ ನಿಮ್ಮ ಸೊಸೇನೇ ಇದ್ದಾರಲ್ಲ ಅಜ್ಜಿ."

"ಅವಳು ಊರಿನವರ ಮುಖ ತೊಳೀತಾಳೆ. ನಮ್ಮನೆ ಪಾತ್ರೆ ನಾನೇ ತೊಳೀಬೇಕು."

ಬಣ್ಣದ ದೀಪ ಮಿನುಗುವ ಗಾಜಿನ ಪೆಟ್ಟಿಗೆಯನ್ನು ಅವನೇ ಹಾಳೆಯಿಂದ ಹೊಡೆದುಹಾಕಿದ. ದುಬಾರಿ ಗ್ರಾಫಿಕ್ಸ್ ಕಾರ್ಡು ಆಟ ಆಡುವವರಿಗೆ, ನಿಮಗೆ ಸಾಧಾರಣದ್ದು ಸಾಕು ಅಂದ. ಕರೆಂಟು ಹಂಚುವ ಡಬ್ಬಿಯಲ್ಲಿ ಮಾತ್ರ ಜಿಪುಣತನ ಬೇಡ, ಅದು ಹೋದರೆ ಉಳಿದವನ್ನೆಲ್ಲ ಜೊತೆಗೆ ಕರಕೊಂಡು ಹೋಗುತ್ತೆ ಅಂದ. ಅವಳು ಒಂದೇ ಮಾತು ಹೇಳಿದಳು: "ಎಲ್ಲಿ ಬೇಕಾದ್ರೂ ಕಡಿಮೆ ಮಾಡು. ಮಾನಿಟರ್ ಒಳ್ಳೇದಿರ್ಲಿ. ಕೆಂಪು ಕೆಂಪಾಗೇ ಕಾಣಬೇಕು."

ಅರ್ಜೆಂಟಪ್ಪ ಪೆನ್ನಿನ ತುದಿ ಕಚ್ಚಿದ. "ನಿಮ್ಮ ಕಣ್ಣಿಗೆ ಪಳಗಿರೋದೇ ಒಂದಿದೆ ಅಕ್ಕ. ಸ್ಟುಡಿಯೊದಲ್ಲಿತ್ತಲ್ಲ, ಅದೇ ಕಂಪನಿ, ಅದೇ ಅಳತೆ. ಹಳೇ ಸ್ಟಾಕಲ್ಲಿ ಸೀಲ್ ಒಡೀದೇ ಇರೋದು ಒಂದೇ ಒಂದು ಉಳ್ಕೊಂಡಿದೆ. ಹೊಸದರ ರೇಟಿಗಿಂತ ಸ್ವಲ್ಪ ಕಡಿಮೆ ಮಾಡಿಕೊಡ್ತೀನಿ."

ಅವಳು ಹಾಳೆಯಿಂದ ಕಣ್ಣೆತ್ತಿ ಅವನನ್ನು ನೋಡಿದಳು. ತನ್ನ ಕಣ್ಣಿಗೆ ಯಾವುದು ಪಳಗಿದೆ ಎಂದು ನೆನಪಿಟ್ಟುಕೊಂಡವನು ಗಂಡನೂ ಅಲ್ಲ, ಮಾಲೀಕನೂ ಅಲ್ಲ, ಇವನು. ಆದರೂ ಕೆಲಸದ ಶಿಸ್ತು ಬಿಡಲಿಲ್ಲ. "ಕಳಿಸೋ ಮುಂಚೆ ಪೂರ್ತಿ ಬಿಳಿ ಪುಟ ಹಾಕಿ ಒಂದು ಫೋಟೊ ಕಳಿಸು," ಅಂದಳು. ಯಾವ ಮಾನಿಟರ್ ಆದರೂ ಬಿಳಿ, ಕಪ್ಪು, ಕೆಂಪು ಪುಟ ಹಾಕಿ ಕಲೆ ಇದೆಯೇ ಎಂದು ನೋಡದೆ ಕೆಲಸಕ್ಕೆ ಕೂರದಿರುವುದು ಸ್ಟುಡಿಯೊದ ಆ ಕೋಣೆಯ ರೂಢಿ. ಸಂಜೆ ಫೋನಿಗೆ ಬಿಳಿ ಪುಟದ ಫೋಟೊ ಬಂತು. ಹಾಲಿನಂತಿತ್ತು.

ಬುಧವಾರ ಅರ್ಜೆಂಟಪ್ಪ ಎಲ್ಲವನ್ನೂ ತಂದು, ಮಂಡಿಯೂರಿ, ಒಂದೊಂದೇ ತಂತಿ ಸಿಕ್ಕಿಸಿದ. ಮಾನಿಟರಿನ ಮೇಲಿನ ತೆಳು ಪ್ಲಾಸ್ಟಿಕ್ಕನ್ನು ಅತ್ತೆಯ ಕೈಯಿಂದಲೇ ಎಳೆಸಿದ. ಪರದೆಯ ತುಂಬ ಹೂದೋಟದ ಚಿತ್ರ ಹಾಕಿ, ಈ ಸಲ ಮಾತ್ರ ಕೂತುಕೊಂಡು ಚಹಾ ಕುಡಿದು ಹೋದ.

ಬಿಳಿ ಪುಟ ಫೋನಿನಲ್ಲೇ ನೋಡಿಯಾಗಿತ್ತಲ್ಲ, ಮರುದಿನ ಬೆಳಿಗ್ಗೆ ಅವಳು ನೇರ ಮೊದಲ ಫೋಟೊ ತೆರೆದಳು. ಶಾಲೆಯ ಮೆಟ್ಟಿಲ ಮೇಲೆ ಮೂವತ್ತು ಮಕ್ಕಳು, ನಡುವೆ ಯುವತಿ ಮೇಡಂ, ಮೇಲೆ ಬೆಳ್ಳನೆ ಆಕಾಶ. ಆಕಾಶದ ಎಡಮೂಲೆಯಲ್ಲಿ ಒಂದು ಕರೀ ಚುಕ್ಕೆ. ಧೂಳೆಂದು ಅಳಿಸಿದಳು. ಹೋಗಲಿಲ್ಲ. ಫೋಟೊವನ್ನು ಬಲಕ್ಕೆ ಸರಿಸಿದಳು. ಆಕಾಶ ಸರಿಯಿತು; ಚುಕ್ಕೆ ಅಲ್ಲೇ ಇತ್ತು.

ಅವಳ ಎಡಗೈ ತಾನಾಗಿ ಮೇಲೆದ್ದು ಪರದೆಯ ಮೂಲೆಗೆ ಹೋಯಿತು. ಅಂಚಿನಿಂದ ಮೂರು ಬೆರಳು ಬಲಕ್ಕೆ. ನಾಲ್ಕು ಬೆರಳು ಕೆಳಕ್ಕೆ. ಬೆರಳ ತುದಿ ಚುಕ್ಕೆಯ ಮೇಲೆ ಕೂತಿತು.

ಈ ಅಳತೆ ಅವಳಿಗೆ ಬಾಯಿಪಾಠವಾಗಿತ್ತು. ಸ್ಟುಡಿಯೊದ ಅವಳ ಮಾನಿಟರಿನಲ್ಲಿ ಐದು ವರ್ಷದ ಹಿಂದೆ ಒಂದು ಚುಕ್ಕೆ ಸತ್ತಿತ್ತು; ಆ ಜಾಗದಲ್ಲಿ ಬೆಳಕು ಮೂಡುತ್ತಿರಲಿಲ್ಲ. ಅರ್ಜೆಂಟಪ್ಪ ಆಗ ಅಲ್ಲಿರಲಿಲ್ಲ. ಮಾಲೀಕರಿಗೆ ಹೇಳಿದರೆ ಹೊಸದು ಬರುತ್ತಿರಲಿಲ್ಲ, ನಗು ಬರುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಯಾವ ಮುಖ ತೆರೆದರೂ ಚೂರು ಬಲಕ್ಕೆ ಸರಿಸಿಕೊಂಡು ಕೆಲಸ ಮಾಡುತ್ತ ಬಂದಳು. ಮದುಮಗಳ ಹಣೆಯಿಂದ, ಹಸುಗೂಸಿನ ಕಣ್ಣಿನಿಂದ ಆ ಸಾವನ್ನು ಇಷ್ಟೇ ಇಷ್ಟು ದೂರ ಇಟ್ಟು ಐದು ವರ್ಷ ಕಳೆದಿದ್ದಳು.

ಫೋನಿನಲ್ಲಿ ಅವನು ಕಳಿಸಿದ ಬಿಳಿ ಪುಟ ತೆಗೆದು ದೊಡ್ಡದು ಮಾಡಿದಳು. ಮೂಲೆಯಲ್ಲಿ ಚುಕ್ಕೆಯಿರಲಿಲ್ಲ. ಆದರೆ ಚುಕ್ಕೆ ಇರಬೇಕಾದ ಜಾಗದಲ್ಲಿ ಕೊಕ್ಕೆಯ ಹಾಗೆ ಬಾಗಿದ ಒಂದು ಧೂಳಿನ ಎಳೆಯಿತ್ತು. ಅದರ ಪಕ್ಕದಲ್ಲೇ ಅಷ್ಟೇ ಉದ್ದದ, ಹಾಗೇ ಬಾಗಿದ ಇನ್ನೊಂದು ಎಳೆ.

ಅವಳಿ.

"ಏನೇ ಅದು, ದೆವ್ವ ಕಂಡೋಳ ಥರ ಕೂತಿದ್ದೀಯ?" ಅತ್ತೆ ಕೇಳಿದರು.

"ದೆವ್ವ ಅಲ್ಲ ಅತ್ತೆ. ಪರಿಚಯದವರೇ."

ಮಾನಿಟರನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಮಗುವಿನಂತೆ ತೋಳಲ್ಲಿಟ್ಟುಕೊಂಡು ಎರಡು ಬೀದಿ ನಡೆದಳು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅರ್ಜೆಂಟಪ್ಪ ನಿಂತೇ ಚಹಾ ಕುಡಿಯುತ್ತಿದ್ದ. ಬೆಡ್‌ಶೀಟ್ ನೋಡಿ ಲೋಟ ಕೆಳಗಿಟ್ಟ.

"ಆ ಬಿಳಿ ಫೋಟೊ ತಿದ್ದಿದ್ದು ಯಾರು?"

"ಯಾವ ಫೋಟೊ ಅಕ್ಕ?"

"ಕೆಲಸ ಚೆನ್ನಾಗಿದೆ. ಒಂದೇ ಒಂದು ಅವಳಿ ಉಳ್ಕೊಂಡಿದೆ."

ಅವನು ಗಲ್ಲಾಪೆಟ್ಟಿಗೆಯ ಬೀಗವನ್ನು ಸುಮ್ಮನೆ ತಿರುಗಿಸಿದ. "ಒಂದು ಚುಕ್ಕೆ ಅಕ್ಕ. ಸಾಸಿವೆಯಷ್ಟೂ ಇಲ್ಲ. ಮೊಡವೆ ಅನ್ಕೊಂಡು..."

"ಮಚ್ಚೆ ಅದು. ನನ್ನ ಮಾನಿಟರಿನ ಮಚ್ಚೆ. ಐದು ವರ್ಷ ನೋಡಿದ್ದೀನಿ."

ಆಗ ಅವನ ಮುಖದ ಬಣ್ಣ ಇಳಿಯಿತು. ಇಷ್ಟು ಅವನಿಗೂ ಗೊತ್ತಿರಲಿಲ್ಲ. "ಹಳೇ ಸಾಮಾನಿನವರಿಂದ ಸ್ಟುಡಿಯೊದ ಮೂರು ಒಟ್ಟಿಗೆ ಬಂದ್ವು. ಯಾವುದು ಯಾರದು ಅಂತ ನಾನು ನೋಡ್ಲಿಲ್ಲ. ಸ್ಟ್ಯಾಂಡ್ ಹೊಸದು ಹಾಕಿಸ್ದೆ, ಬಟನ್ ಹೊಸದು. ಬೇರೆ ಎಲ್ಲಾ ಸಾಮಾನೂ ಅಪ್ಪಟ ಹೊಸದು ಅಕ್ಕ, ಬೇಕಾದ್ರೆ ಯಾರಿಗಾದ್ರೂ ತೋರ್ಸಿ."

"ಗೊತ್ತು. ಅದಕ್ಕೇ ಕೇಳ್ತಿದ್ದೀನಿ. ಉಳಿದ ಎರಡು ಯಾರಿಗೆ ಮಾರಿದೆ?"

"ಹಳೇದು ಅಂತ ಹೇಳೇ ಮಾರಿದೆ."

"ನನಗ್ಯಾಕೆ ಹೇಳ್ಲಿಲ್ಲ?"

ಹೊರಗೆ ಯಾರೋ ಸ್ಕೂಟರ್ ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು.

"ಬೇರೆಯವರು ಸೀಲ್ ನಾವೇ ಒಡೀತೀವಿ ಅಂತಾರೆ, ಬಿಲ್ ನೋಡ್ತಾರೆ," ಅಂದ ಕಡೆಗೆ. "ನೀವು ಕೇಳಲ್ಲ ಅಂತ..."

ಮಾನಿಟರ್ ಹಳೆಯದಾಗಿದ್ದಕ್ಕೆ ಅವಳಿಗೆ ಅಷ್ಟು ನೋವಾಗಿರಲಿಲ್ಲ. ಈ ಅರ್ಧ ಮಾತಿಗೆ ನೋವಾಯಿತು. ಅಪರಿಚಿತರಿಬ್ಬರಿಗೆ ನಿಜ ಹೇಳಿದವನು, ನಂಬಿದ್ದಾಳೆಂಬ ಒಂದೇ ಕಾರಣಕ್ಕೆ ಮೋಸಕ್ಕೆಂದು ಇವಳನ್ನು ಆರಿಸಿಕೊಂಡಿದ್ದ. ಬೇಲಿಯಿಲ್ಲದ ಕಡೆ ದನ ನುಗ್ಗುವ ಹಾಗೆ ನುಗ್ಗಿದ್ದ.

ಅವನು ಓಡಿಹೋಗಿ ಒಳಗಿನಿಂದ ಒಂದು ದೊಡ್ಡ ಪೆಟ್ಟಿಗೆ ತಂದ. "ಇದು ನಿನ್ನೆ ಬಂದಿದ್ದು. ಇದಕ್ಕಿಂತ ಒಳ್ಳೇದು. ನೀವೇ ಒಡೀರಿ ಅಕ್ಕ, ನಿಮ್ಮ ಕೈಯಾರೆ. ಹೆಚ್ಚಿಗೆ ಏನೂ ಕೊಡ್ಬೇಡಿ."

ಅವಳ ಹೆಬ್ಬೆರಳ ಉಗುರು ಪೆಟ್ಟಿಗೆಯ ಅಂಟುಪಟ್ಟಿಯ ಮೇಲೆ ಹರಿದಾಡಿತು. ಒಮ್ಮೆ ಕಿತ್ತು ಮತ್ತೆ ಅಂಟಿಸಿದ ಗುರುತು ಏನಾದರೂ ಇದೆಯೇ ಎಂದು ಉಗುರು ಹುಡುಕುತ್ತಿತ್ತು. ಇಲ್ಲ, ಪಟ್ಟಿ ಸರಿಯಾಗಿತ್ತು. ಆದರೆ ಇವನ ಅಂಗಡಿಯಲ್ಲಿ ನಿಂತು ತನ್ನ ಉಗುರು ಈ ಕೆಲಸಕ್ಕಿಳಿದದ್ದನ್ನು ನೋಡಿ ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಬೇಡ. ದುಡ್ಡು ವಾಪಸ್ ಕೊಡು."

"ಅಕ್ಕ, ಬೈದ್ಬಿಡಿ ಒಂದ್ಸಲ. ಕಿವಿ ಹಿಂಡಿ."

"ಕಿವಿ ಹಿಂಡೋದು ಕಲಿಯೋರಿಗೆ ಕಣಪ್ಪ. ನೀನು ಕಲ್ತಾಯ್ತು."

ಎಂದೂ ಅವನನ್ನು ಕಣೋ ಬಿಟ್ಟು ಕಣಪ್ಪ ಎಂದು ದೂರದವರಂತೆ ಮಾತಾಡಿಸಿದವಳಲ್ಲ. ಅವನಿಗೂ ಅದು ತಾಗಿತು. ಗಲ್ಲಾಪೆಟ್ಟಿಗೆ ತೆರೆದು ದುಡ್ಡು ಎಣಿಸಿಕೊಟ್ಟ.

ಬಸ್ ನಿಲ್ದಾಣದ ಹಿಂದಿನ ದೊಡ್ಡ ಅಂಗಡಿಯಲ್ಲಿ ಅದೇ ದುಡ್ಡಿಗೆ ಬಂದದ್ದು ಎರಡು ಬೆರಳು ಚಿಕ್ಕ ಮಾನಿಟರ್. ಅವಳು ಅಲ್ಲೇ ಸೀಲ್ ಒಡೆಸಿ, ತಂತಿ ಸಿಕ್ಕಿಸಿ, ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಪುಟ ಹಾಕಿಸಿ, ಮೂಗು ತಾಗುವಷ್ಟು ಬಗ್ಗಿ ಮೂಲೆ ಮೂಲೆ ನೋಡಿದಳು.

ಅಂಗಡಿಯವನು ನಕ್ಕ. "ನಮ್ಮ ಮೇಲೆ ನಂಬಿಕೆ ಇಲ್ವಾ ಮೇಡಂ?"

"ಇಲ್ಲ," ಅಂದಳು.

ಸಂಜೆ ಬೆಳಕಿರುವಾಗಲೇ ಮತ್ತೆ ಕೆಲಸಕ್ಕೆ ಕೂತಳು. ಒಂದು ದಿನ ಹೋಗಿತ್ತು. ವಿಡಿಯೊ ಒಪ್ಪಿಸಲು ಇನ್ನೂ ಒಂಬತ್ತಿದ್ದವು, ಸಾಕಾಗಬಹುದು. ಅತ್ತೆ ಚಹಾ ತಂದಿಟ್ಟು ಹಿಂದೆ ನಿಂತರು. ಪರದೆಯಲ್ಲಿ ಶಾಲೆಯ ಮೆಟ್ಟಿಲು, ಮೂವತ್ತು ಮಕ್ಕಳು, ಯುವತಿ ಮೇಡಂ. ಮೇಡಂ ಗಲ್ಲದ ಮೇಲೆ ಒಂದು ಮಚ್ಚೆಯಿತ್ತು, ಅವಳು ಅದನ್ನು ಮುಟ್ಟಲಿಲ್ಲ. ಆಕಾಶ ಎಡಮೂಲೆಯವರೆಗೂ ಬೆಳ್ಳಗಿತ್ತು.

"ಚೆನ್ನಾಗಿದೆಯಲ್ಲೇ," ಅತ್ತೆ ಅಂದರು. "ಅದ್ಯಾಕೆ ಸುಮ್‌ಸುಮ್ನೆ ಆ ಕಡೆ ತಳ್ತಾನೇ ಇದ್ದೀಯ?"

ಅವಳು ಆಗ ಗಮನಿಸಿದಳು. ಪ್ರತಿ ಮುಖವನ್ನೂ ತೆರೆದೊಡನೆ ಕೈ ಅದನ್ನು ಚೂರು ಬಲಕ್ಕೆ ಸರಿಸುತ್ತಿತ್ತು, ಅಲ್ಲಿಲ್ಲದ ಚುಕ್ಕೆಗೆ ಜಾಗ ಬಿಡುತ್ತ. ಕೈ ಹಿಡಿದು ನಿಲ್ಲಿಸಿದಳು. ಮುಂದಿನ ಫೋಟೊ ತೆರೆದಳು. ಅದನ್ನೂ ಕೈ ಬಲಕ್ಕೆ ಸರಿಸಿತು.