ಸದ್ದು ನಿಲ್ಲಿಸಿದ ದಿಂಬು

ಹಾಸಿಗೆ ಹೊಲಿಯುವವನಿಗೆ ನಿದ್ದೆಯದೇ ಕಾಯಿಲೆ ಎಂದರೆ ಯಾರೂ ನಂಬುವುದಿಲ್ಲ. ಮೆತ್ತೆ ಮೇಸ್ತ್ರಿ ತಾನೂ ನಂಬಿರಲಿಲ್ಲ. ಎಲ್ಲಿ ಒರಗಿದರೂ ಅವನಿಗೆ ನಿದ್ದೆ ಬರುತ್ತಿತ್ತು. ಹತ್ತಿಯ ಮೂಟೆಗೆ ಬೆನ್ನು ತಾಗಿದರೆ ಸಾಕು, ಬಾಯಿ ತೆರೆದುಕೊಂಡು ಗೊರಕೆ ಶುರು. ಇವನ ಹಾಸಿಗೆ ಹೇಗಿದೆ ಅಂತ ಕೇಳೋದೇ ಬೇಡ, ಇವನನ್ನ ನೋಡಿದ್ರೆ ಸಾಕು ಎಂದು ಗಿರಾಕಿಗಳು ನಗುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದುಕೊಂಡು ಕಣ್ಣುಜ್ಜುತ್ತ ಏಳುತ್ತಿದ್ದ.

ಅವನು ಹೋಗಿ ಇನ್ನೂ ವರ್ಷ ತುಂಬಿಲ್ಲ. ಈಗ ಅಂಗಡಿಯನ್ನು ಅವನ ಹೆಂಡತಿ ನೋಡಿಕೊಳ್ಳುತ್ತಾಳೆ. ಮೈದುನ ಜೊತೆಗಿದ್ದಾನೆ. ಮುಂದೆ ಸುತ್ತಿಟ್ಟ ಹಾಸಿಗೆಗಳು, ಹಿಂದೆ ಹತ್ತಿ ಹಿಂಜುವ ಯಂತ್ರ, ಅದರ ಹಿಂದೆ ಅವಳ ಎರಡು ಕೋಣೆ. ಗಂಡ ಬಟ್ಟೆ ಕತ್ತರಿಸಿ ದಬ್ಬಣ ಹಾಕುತ್ತಿದ್ದ. ಅವಳು ಹತ್ತಿ ತುಂಬುತ್ತಿದ್ದಳು. ಮೈದುನ ಯಂತ್ರ ನಡೆಸಿ, ಹೊಲಿದದ್ದನ್ನು ಗಾಡಿಯಲ್ಲಿ ಮನೆಮನೆಗೆ ಮುಟ್ಟಿಸುತ್ತಿದ್ದ. ಅವಳು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಹತ್ತಿ ಎಲ್ಲಿ ಗಂಟು ಕಟ್ಟಿದೆ ಎಂದು ಕೈಯಾಡಿಸಿಯೇ ಹೇಳುತ್ತಿದ್ದಳು. ಆ ಕೈಯ ಮೇಲೆ ಅವಳಿಗೆ ಸೊಕ್ಕೂ ಇತ್ತು.

ಗಂಡನ ಗೊರಕೆ ಸುಮ್ಮನೆ ಗೊರಕೆಯಾಗಿರಲಿಲ್ಲ. ಏರಿ ಏರಿ ಹೋಗಿ ತಟ್ಟನೆ ನಿಲ್ಲುತ್ತಿತ್ತು. ಆಮೇಲೆ ಮುಳುಗಿದವನು ನೀರಿನಿಂದ ತಲೆ ಎತ್ತಿದ ಹಾಗೆ ಒಮ್ಮೆ ಉಸಿರೆಳೆದುಕೊಂಡು ಮತ್ತೆ ಶುರು. ಒಂದು ಮಧ್ಯಾಹ್ನ ದಿಂಬು ಕೊಳ್ಳಲು ಬಂದ ನರ್ಸಮ್ಮ ಇದನ್ನು ಕೇಳಿಸಿಕೊಂಡಳು. ಇವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆ, ಆಸ್ಪತ್ರೆಗೆ ಬಂದು ತೋರಿಸಿ ಎಂದಳು. ಮೇಸ್ತ್ರಿ ಎದ್ದ ಮೇಲೆ ಹೆಂಡತಿ ಹೇಳಿದಾಗ ಅವನು ನಕ್ಕ.

"ಹಾಸಿಗೆ ಮಾರೋನು ನಿದ್ದೆ ಸರಿ ಇಲ್ಲ ಅಂತ ಡಾಕ್ಟರ್ ಬಾಗಿಲಲ್ಲಿ ಕೂತ್ರೆ, ನಮ್ಮ ಅಂಗಡಿಗೆ ಯಾವನು ಬರ್ತಾನೆ?"

ಅವನು ಹಾಗೆಂದದ್ದು ದೊಡ್ಡ ಮಾತಲ್ಲ. ಗಂಡಸರು ಹಾಗೆಯೇ. ಅವಳು ಹೂಂ ಎಂದಳಲ್ಲ, ತಪ್ಪು ಅಲ್ಲಿತ್ತು. ಕತ್ತು ಬಗ್ಗಿ ಗಂಟಲು ಒತ್ತುತ್ತದೆ, ಅಷ್ಟೇ, ದಿಂಬು ಸರಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಅವಳೇ ಹೇಳಿದಳು. ನಿದ್ದೆಯ ಎಲ್ಲ ತೊಂದರೆಗೂ ಹತ್ತಿಯಲ್ಲಿ ಮದ್ದಿದೆ ಎಂದು ಆ ಮನೆಯವರೆಲ್ಲ ನಂಬಿಕೊಂಡೇ ಬದುಕಿದವರು. ಸೊಂಟ ನೋವೆಂದರೆ ಗಟ್ಟಿ ಹಾಸಿಗೆ, ಕತ್ತು ನೋವೆಂದರೆ ತೆಳು ದಿಂಬು.

ಹೊಲಿದಳು. ಬಿಚ್ಚಿದಳು. ಮತ್ತೆ ಹೊಲಿದಳು. ಭುಜದ ಹತ್ತಿರ ಎತ್ತರ, ತಲೆಗೆ ತಗ್ಗು, ಅಂಗಾತ ಹೊರಳದ ಹಾಗೆ ಬೆನ್ನಿಗೆ ಆನಿಕೊಳ್ಳುವ ಉದ್ದನೆಯ ಬಾಲ. ಅದನ್ನು ಹಾಕಿಕೊಂಡು ಮಲಗಿದ ಮೇಲೆ ಅವನ ಸದ್ದು ಇಳಿಯಿತು. ಅವಳಿಗೆ ಹಿಗ್ಗೋ ಹಿಗ್ಗು. ಅಂಥದ್ದೇ ಇನ್ನೊಂದು ಹೊಲಿದು ಮೈದುನನಿಗೆ ಕೊಟ್ಟಳು. ಅಣ್ಣನ ಗಂಟಲೇ ತಮ್ಮನಿಗೂ ಬಂದಿತ್ತು.

ಒಂದು ದಿನ ಊಟ ಮಾಡಿ ಮೇಸ್ತ್ರಿ ಒಳಗೆ ಮಲಗಿದ. ಅವಳು ಮುಂದೆ ಕೂತು ಮಗುವಿನ ಹಾಸಿಗೆಗೆ ಹತ್ತಿ ತುಂಬುತ್ತಿದ್ದಳು. ಒಳಗಿನಿಂದ ಒಂದು ಚೂರೂ ಸದ್ದಿಲ್ಲ. ಗಿರಾಕಿಯೊಬ್ಬ ಗಟ್ಟಿಯಾಗಿ ಮಾತಾಡಿದ. ಮೆಲ್ಲಗೆ ಮಾತಾಡಿ, ಒಳಗೆ ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ ಎಂದು ಅವನ ಬಾಯಿ ಮುಚ್ಚಿಸಿದಳು. ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ಹೃದಯ ನಿಂತಿದೆ ಎಂದರು. ನೋವಿಲ್ಲದ ಸಾವು, ಪುಣ್ಯವಂತ ಎಂದರು ಬಂದವರು. ಮೆಲ್ಲಗೆ ಮಾತಾಡಿ ಎಂದದ್ದು ಮಾತ್ರ ಅವಳ ಕಿವಿಯಿಂದ ಹೋಗಲಿಲ್ಲ.

ಈಗ ಮೈದುನ ತೂಕಡಿಸುತ್ತಿದ್ದ. ದಬ್ಬಣ ಬಟ್ಟೆಯಲ್ಲಿ ಅರ್ಧ ಇಳಿದಿರುವಾಗಲೇ ಅವನ ತಲೆ ವಾಲುತ್ತಿತ್ತು. ಒಮ್ಮೆ ಹಾಸಿಗೆ ತುಂಬಿಕೊಂಡು ಹೋಗುವಾಗ ಗಾಡಿಯನ್ನು ಯಾರದೋ ಕಾಂಪೌಂಡಿಗೆ ಗುದ್ದಿದ. ಬ್ರೇಕು ಹಿಡಿಯಲಿಲ್ಲ ಎಂದ. ಕಣ್ಣು ಮುಚ್ಚಿಹೋಗಿತ್ತು ಎಂಬುದು ಅವನ ಮುಖ ನೋಡಿದರೇ ಅವಳಿಗೆ ತಿಳಿಯಿತು. ಆಸ್ಪತ್ರೆಗೆ ಹೋಗು ಎಂದಳು. ನಾಳೆ ಎಂದ. ಆ ನಾಳೆ ಬರಲೇ ಇಲ್ಲ. ಮತ್ತೆ ಒತ್ತಾಯ ಮಾಡಿದಾಗ ತಮಾಷೆಗಿಳಿದ.

"ನಿಮ್ಮ ದಿಂಬು ಬಂದ ಮೇಲೆ ನನ್ನ ಹೆಂಡ್ತಿ ಬೈಯೋದೇ ಬಿಟ್ಟಿದ್ದಾಳೆ ಅತ್ತಿಗೆ. ಇದಕ್ಕಿಂತ ಇನ್ನೇನು ವಾಸಿ ಆಗ್ಬೇಕು?"

ಅದನ್ನು ಕೇಳಿದ ದಿನವೇ ಗವಸು ಬದಲಾಯಿಸುತ್ತೇನೆಂದು ಸುಳ್ಳು ಹೇಳಿ ಅವನ ಮನೆಯಿಂದ ದಿಂಬನ್ನು ತಂದಳು. ಅಂಗಡಿಯಲ್ಲಿ ಕೂತು ಹೊಲಿಗೆ ಬಿಚ್ಚಿ, ಹತ್ತಿಯನ್ನೆಲ್ಲ ಹಳೆ ಹತ್ತಿಯ ಗುಡ್ಡೆಗೆ ಸುರಿದಳು.

ಮರುದಿನ ಬೆಳಿಗ್ಗೆಯೇ ವಾರಗಿತ್ತಿ ಬಂದಳು. ಕಣ್ಣು ಕೆಂಡದ ಹಾಗಿತ್ತು. ರಾತ್ರಿಯೆಲ್ಲ ಗಂಡ ಗೂಳಿಯ ಹಾಗೆ ಗುಟುರು ಹಾಕಿದ್ದನಂತೆ. ದಿಂಬು ಕೊಡಿ ಎಂದಳು. ಇಲ್ಲ, ಬಿಚ್ಚಿಹಾಕಿದೆ ಎಂದಾಗ ಅವಳ ತಾಳ್ಮೆ ತಪ್ಪಿತು.

"ನಿಮ್ಮ ಪಕ್ಕ ಮಲಗೋರು ಇಲ್ಲ ಅಂತ ನನ್ನ ನಿದ್ದೇನೂ ಕಿತ್ಕೋಬೇಕಾ ಅಕ್ಕ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಕ್ಕ ಮುಖ ತಿರುಗಿಸಲಿಲ್ಲ. ಈ ಮಾತಿಗೆ ತಾನು ತಕ್ಕವಳೇ ಎನ್ನುವ ಹಾಗೆ ನಿಂತಿದ್ದಳು.

"ಮಧ್ಯಾಹ್ನ ಬಾ. ಅವನು ಮಲಗಿದಾಗ ಒಂದು ಸಲ ನನ್ನ ಜೊತೆ ಕೂತು ನೋಡು. ಆಮೇಲೆ ಎಷ್ಟು ಬೇಕಾದ್ರೂ ಬೈ."

ಊಟವಾದ ಮೇಲೆ ಮೈದುನ ಯಂತ್ರದ ಪಕ್ಕದಲ್ಲೇ ಉರುಳಿಕೊಂಡ. ಇಬ್ಬರು ಹೆಂಗಸರೂ ಅವನ ಎರಡು ಪಕ್ಕ ಕೂತರು. ಗೊರಕೆ ಏರಿತು. ನಿಂತಿತು. ಅವಳು ಒಂದು ಎಳೆ ಹತ್ತಿ ಹಿಂಜಿ ಅವನ ಬಾಯಿ ಮೂಗಿನ ಹತ್ತಿರ ಹಿಡಿದಳು. ವಾರಗಿತ್ತಿಯ ಕೈಯನ್ನು ಅವನ ಹೊಟ್ಟೆಯ ಮೇಲೆ ಇಟ್ಟಳು. ಕೈಯಡಿಯಲ್ಲಿ ಹೊಟ್ಟೆ ಒದ್ದಾಡುತ್ತಿತ್ತು, ಏಳುತ್ತಿತ್ತು, ಬೀಳುತ್ತಿತ್ತು. ಹತ್ತಿಯ ಎಳೆ ಮಾತ್ರ ಅಲ್ಲಾಡಲಿಲ್ಲ. ವಾರಗಿತ್ತಿ ಎಳೆಯನ್ನು ನೋಡಿದಳು, ಗಂಡನ ತುಟಿ ಬಣ್ಣ ತಿರುಗುವುದನ್ನು ನೋಡಿದಳು. ಅವನ ಭುಜ ಹಿಡಿದು ಅಲ್ಲಾಡಿಸಬೇಕು ಎನ್ನುವಷ್ಟರಲ್ಲಿ ಅವನೇ ಗೊರ್ರೆಂದು ಉಸಿರೆಳೆದ. ಎಳೆ ಹಾರಿಹೋಯಿತು.

ವಾರಗಿತ್ತಿ ಗಂಡನ ಹೊಟ್ಟೆಯ ಮೇಲಿನ ಕೈ ತೆಗೆಯದೆಯೇ ಕೇಳಿದಳು.

"ಭಾವನಿಗೂ ಹೀಗೇ ಆಗ್ತಿತ್ತಾ?"

"ಆಗ್ತಿತ್ತು."

"ನೀವು ನೋಡಿದ್ರಾ?"

"ನೋಡಿದ್ದೆ. ದಿಂಬು ಹಾಕಿದ ಮೇಲೆ ಸದ್ದು ಕಮ್ಮಿ ಆಯ್ತು. ನಾನು ಆ ಕಡೆ ತಿರುಗಿ ಮಲಗಿಬಿಟ್ಟೆ."

ವಾರಗಿತ್ತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಗಂಡನನ್ನು ಎಬ್ಬಿಸಿದಳು. ಈಗಲೇ ಹೊರಡು, ಇಲ್ಲದಿದ್ದರೆ ನಾನು ಮನೆಗೆ ಬರುವುದಿಲ್ಲ ಎಂದಳು. ಅವನು ಅತ್ತಿಗೆಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ತಮಾಷೆ ನಡೆಯುವುದಿಲ್ಲ ಎಂದು ತಿಳಿದು ಚಪ್ಪಲಿ ಹುಡುಕಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಕುತ್ತಿಗೆಗೆ ಟೇಪು ಸುತ್ತಿ ಅಳೆದಳು. ಅಂಗಿ ಹೊಲಿಸ್ತೀರಾ ಮೇಡಂ ಎಂದು ಅವನು ಕೇಳಿದ. ಹಗಲು ತೂಕಡಿಕೆ ಬರುತ್ತದೆಯೇ, ಎದ್ದಾಗ ತಲೆನೋವೇ ಎಂದು ಅವಳು ಕೇಳಿದ್ದಕ್ಕೆಲ್ಲ ಹೆಂಡತಿಯೇ ಹೌದೆಂದಳು. ಪರೀಕ್ಷೆಗೆಂದು ಒಂದು ರಾತ್ರಿ ಎದೆಗೆ ತಂತಿ, ಬೆರಳಿಗೆ ಕ್ಲಿಪ್ಪು ಹಾಕಿ ಅಲ್ಲೇ ಮಲಗಿಸಿದರು. ಮಲಗಿದಾಗ ಗಂಟಲು ಮುಚ್ಚಿಕೊಂಡು ಮತ್ತೆ ಮತ್ತೆ ಉಸಿರು ನಿಲ್ಲುತ್ತಿದೆ, ಹೃದಯಕ್ಕೆ ಏಟು ಬೀಳುತ್ತಿದೆ, ಮೂಗಿಗೆ ಗಾಳಿ ಒತ್ತುವ ಯಂತ್ರ ಹಾಕಿಕೊಂಡೇ ಮಲಗಬೇಕು ಎಂದು ಗೊತ್ತಾಯಿತು. ಅದು ರೂಢಿಯಾಗುವವರೆಗೆ ಗಾಡಿ ಮುಟ್ಟಬೇಡ ಎಂದೂ ಹೇಳಿದರು.

ಎಲ್ಲರೂ ಎದ್ದ ಮೇಲೂ ಜೊತೆಗೆ ಬಂದಿದ್ದ ಅತ್ತಿಗೆ ಡಾಕ್ಟರಮ್ಮನ ಎದುರು ಕೂತೇ ಇದ್ದಳು. ದಿಂಬಿನ ವಿಷಯ ಹೇಳಿದಳು. ಪಕ್ಕಕ್ಕೆ ಮಲಗುವುದು ಕೆಟ್ಟದ್ದಲ್ಲ, ಕೆಲವರಿಗೆ ಅದರಿಂದ ಅನುಕೂಲವೂ ಆಗುತ್ತದೆ ಎಂದಳು ಡಾಕ್ಟರಮ್ಮ.

"ಆದ್ರೆ ಸದ್ದು ಕಮ್ಮಿ ಆಯ್ತು ಅಂದ್ರೆ ಉಸಿರು ಸರಿ ಆಯ್ತು ಅಂತಲ್ಲಮ್ಮ."

"ಅವತ್ತೇ ಕರ್ಕೊಂಡು ಬಂದಿದ್ರೆ ನಮ್ಮನೆಯವರು ಉಳೀತಿದ್ರಾ?"

"ಅವರನ್ನ ನಾನು ನೋಡಿಲ್ಲ. ಹೇಗೆ ಹೇಳ್ಲಿ?"

ನೀನೇ ಕೊಂದೆ ಎಂದಿದ್ದರೂ ಆಗುತ್ತಿತ್ತು, ನಿನ್ನದೇನೂ ತಪ್ಪಿಲ್ಲ ಎಂದಿದ್ದರೂ ಆಗುತ್ತಿತ್ತು. ಎರಡೂ ಸಿಗಲಿಲ್ಲ. ಕೈಮುಗಿದು ಎದ್ದು ಬಂದಳು.

ಮೊದಮೊದಲು ಮೈದುನ ಗಾಳಿ ಯಂತ್ರದ ಮೇಲೆ ಸಿಟ್ಟಾದ. ಸೊಂಡಿಲು ಕಟ್ಟಿದ್ದಾರೆ, ಇನ್ನು ಕಬ್ಬು ತಿನ್ನಿಸಿ ಎಂದು ರೇಗಿದ. ನಡುರಾತ್ರಿ ಕಿತ್ತೆಸೆದರೆ ಹೆಂಡತಿ ಎದ್ದು ಮತ್ತೆ ಕಟ್ಟುತ್ತಿದ್ದಳು. ಬರಬರುತ್ತ ಅಭ್ಯಾಸವಾಯಿತು. ಮಧ್ಯಾಹ್ನ ಉರುಳಿಕೊಳ್ಳುವುದು ತಾನಾಗಿ ನಿಂತಿತು.

ಒಂದು ಬೆಳಿಗ್ಗೆ ಅತ್ತಿಗೆ ಬಾಗಿಲು ತೆಗೆಯುವ ಮೊದಲೇ ಅವನು ಬಂದು ಷಟರ್ ಎತ್ತಿದ್ದ. ಮುಖ ತೊಳೆದಿಟ್ಟ ಪಾತ್ರೆಯ ಹಾಗೆ ಫಳಫಳ ಎನ್ನುತ್ತಿತ್ತು. ಹಾಡು ಗುನುಗುತ್ತ ಹತ್ತಿಯ ಮೂಟೆ ಎಳೆಯುತ್ತಿದ್ದ. ಅವಳನ್ನು ಕಂಡು ನಿಂತ.

"ಅತ್ತಿಗೆ, ತಲೆ ಎಷ್ಟು ಹಗುರ ಇದೆ ಗೊತ್ತಾ? ಎಲ್ರೂ ದಿನಾ ಹೀಗೇ ಏಳ್ತಾರಾ? ನನಗೆ ಗೊತ್ತೇ ಇರ್ಲಿಲ್ಲ."

ಒಳ್ಳೆಯದಾಯಿತು ಎಂದಳು. ಮನಸ್ಸಿನಿಂದಲೇ ಅಂದಳು. ಅಂದವಳು ಅಲ್ಲಿ ನಿಲ್ಲಲಾಗದೆ ಒಳಗೆ ಹೋದಳು. ದಿನಾ ಎದ್ದೊಡನೆ ಹಣೆ ಒತ್ತಿಕೊಂಡು ಮಂಚದ ತುದಿಯಲ್ಲಿ ಕೂರುತ್ತಿದ್ದವನು ಅವಳ ಗಂಡ. ಎಲ್ಲರೂ ಹಾಗೆಯೇ ಏಳುತ್ತಾರೆ ಎಂದುಕೊಂಡೇ ಹೋದ. ಬೆಳಗಾಗುವುದೆಂದರೆ ಹೀಗೆ ಎಂದು ಅವನಿಗೆ ಒಂದು ದಿನವೂ ಗೊತ್ತಾಗಲಿಲ್ಲ. ಹೊರಗೆ ಹಾಡು ನಡೆದೇ ಇತ್ತು. ಹಿಂದೊಮ್ಮೆ ಮೆಲ್ಲಗೆ ಮಾತಾಡಿ ಎಂದಿದ್ದವಳಿಗೆ ಅದನ್ನು ನಿಲ್ಲಿಸು ಎನ್ನುವ ಬಾಯಿ ಇರಲಿಲ್ಲ.