ಕಲ್ಲುಸಕ್ಕರೆ ಕರಗುವ ತನಕ

ಶನಿವಾರ, ಬೆಳಗಿನ ಏಳಕ್ಕೆ ಇನ್ನೂ ಹತ್ತು ನಿಮಿಷವಿದೆ. ಡಂಬಳ ಸಮೀಪದ ಊರೊಂದರ ಶಾಲೆಯ ಕಟ್ಟೆಯ ಮೇಲೆ ಕೂತ ಗದಿಗೆವ್ವ ಅಕ್ಕೋರು ಚೀಲದಿಂದ ಡಬ್ಬಿ ತೆಗೆದು, ಕಲ್ಲುಸಕ್ಕರೆಯ ಒಂದು ಹರಳನ್ನು ಮಾಂತೇಶ ಮಾಸ್ತರರ ಅಂಗೈಗೆ ಹಾಕುತ್ತಾರೆ.

'ಬಾಯಾಗ ಇಟ್ಕೊಳ್ರಿ. ಇದು ಕರಗೂ ತನಕ ಉತ್ತರ ಹೇಳಬ್ಯಾಡ್ರಿ. ಹುಡುಗ್ರು ಮಾತಾಡ್ಲಿ.'

'ಶುಗರ್ ಬಂದ್ರ ನಿಮ್ಮ ಹೆಸರ ಹೇಳ್ತೀನ್ರಿ ಅಕ್ಕೋರ,' ಮಾಂತೇಶ ನಗುತ್ತಾರೆ. ಅಕ್ಕೋರು ನಗುವುದಿಲ್ಲ.

ಬೆಳ್ಳಟ್ಟಿಯ ಗದಿಗೆವ್ವ ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಆರು ವರ್ಷಗಳಿಂದ ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಿಗೆ ಬಸ್ಸು ಹಿಡಿದು ಹೋಗಿ, ಮಕ್ಕಳ ಜೊತೆ ಕೂತು ವಿಚಾರ ಮಾಡುವುದು ಹೇಗೆಂದು ಶಿಕ್ಷಕರಿಗೆ ಕಲಿಸುತ್ತಿದ್ದಾರೆ. ಇದಕ್ಕೆ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ನ್ಯಾಯ ಅಂದರೇನು, ಸುಳ್ಳು ಯಾಕೆ ತಪ್ಪು ಎಂಬಂಥವನ್ನು ಮಕ್ಕಳೇ ಕೇಳಿ, ಮಕ್ಕಳೇ ವಾದಿಸಿ, ಕಾರಣ ಹುಡುಕಬೇಕು. ಮಾಸ್ತರರು ಸುಮ್ಮನಿರಬೇಕು. ಅವರಿಗೆ ಅದೇ ಕಷ್ಟ.

ನಲವತ್ತೊಂದು ಮಂದಿ ಕಲಿತರು, ಮೂವತ್ತೇಳು ಮಂದಿ ಬಿಟ್ಟರು. ಕೆಲವರಿಗೆ ವರ್ಗವಾಯಿತು, ಕೆಲವರಿಗೆ ಪುಸ್ತಕದ ಪಾಠ ಮುಗಿಸುವುದರಲ್ಲೇ ಹೊತ್ತು ಹೋಯಿತು. ಉಳಿದ ನಾಲ್ವರು ನಾಲ್ಕು ಶಾಲೆಗಳಲ್ಲಿದ್ದಾರೆ; ಈ ಶಾಲೆಯಲ್ಲಿ ಮಾಂತೇಶ ಒಬ್ಬರೇ. ಅವರೂ ಕೈಬಿಟ್ಟರೆ ಶನಿವಾರದ ಈ ತಾಸು ಗಣಿತಕ್ಕೆ ಎಂದು ಹೆಡ್‌ಮಾಸ್ತರರು ಹೇಳಿಯಾಗಿದೆ.

ಏಳಕ್ಕೆ ಒಳಗೆ ಇಪ್ಪತ್ತಾರು ಮಕ್ಕಳು ದುಂಡಗೆ ಕೂತಿದ್ದಾರೆ. ಐದನೆಯ ತರಗತಿಯ ಸಾಯಿಮಾ ಕೈ ಎತ್ತುತ್ತಾಳೆ. 'ಬಡೀತಾರಂತ ಹೆದರಿ ಖರೆ ಹೇಳಿದ್ರ, ನಾವು ಒಳ್ಳೇವ್ರು ಆಗ್ತೀವೇನ್ರಿ?'

ಯಾರೂ ಮಾತಾಡುವುದಿಲ್ಲ. ಹೊರಗೆ ಟ್ರ್ಯಾಕ್ಟರ್ ಒಂದು ಬಂದು, ಹಾದು, ದೂರವಾಗುತ್ತದೆ. ಮಾಂತೇಶರ ದವಡೆ ಬಿಗಿಯುತ್ತದೆ. ಕಟಂ! ಹರಳು ಒಡೆದ ಸದ್ದು ಹಿಂದೆ ಕೂತ ಅಕ್ಕೋರಿಗೂ ಕೇಳುತ್ತದೆ.

'ಖರೆ ಅಂದ್ರ ಖರೆನ. ಹೆದರಿ ಹೇಳಿದ್ರೂ ಒಳ್ಳೇದ. ಬರಕೊಳ್ರಿ,' ಮಾಂತೇಶ ಹೇಳಿಬಿಡುತ್ತಾರೆ.

ಇಪ್ಪತ್ತಾರು ಪಾಟಿಚೀಲಗಳು ತೆರೆದುಕೊಳ್ಳುತ್ತವೆ. ಸಾಯಿಮಾಳೂ ತಲೆ ತಗ್ಗಿಸಿ ಬರೆಯುತ್ತಾಳೆ.

'ಹರಳು ಕಡದದ್ದು ಮೂರನೇ ಸಲ ಆತ್ರಿ ಅಕ್ಕೋರ,' ತಾಸು ಮುಗಿದ ಮೇಲೆ ಅಂಗಳದಲ್ಲಿ ಮಾಂತೇಶ ಹೇಳುತ್ತಾರೆ. 'ಹುಡುಗ್ರು ಸುಮ್ನ ಕುಂತ್ರ, ನನಗ ಕಲಸಾಕ ಬರೂದಿಲ್ಲೇನೋ ಅನಸತೈತ್ರಿ. ನಾ ಬಿಟ್ಟೆ.'

ಅಕ್ಕೋರು ಬೈಯುವುದಿಲ್ಲ. 'ನಾನೂ ತಡಕೊಂಡಾಕಿ ಅಲ್ರಿ,' ಎನ್ನುತ್ತಾರೆ.

ಹದಿನಾಲ್ಕು ವರ್ಷಗಳ ಹಿಂದಿನ ಮಾತು. ತಾಯಿ ತೀರಿಕೊಂಡ ತಿಂಗಳಿಗೆ ಮುತ್ತವ್ವ ಎಂಬ ಹುಡುಗಿ ತರಗತಿಯಲ್ಲಿ ಎದ್ದು ನಿಂತಿದ್ದಳು. 'ಸತ್ತವ್ರು ನಮ್ಮನ್ನ ಮರೀತಾರೇನ್ರಿ ಅಂತ ಕೇಳಿದ್ಳು. ಹಂಗೇನಿಲ್ಲ, ಪುಸ್ತಕ ತಗಿ ಅಂದಬಿಟ್ಟೆ. ಸಾಲಿ ಬಿಟ್ಟು ಹೋಗೂ ತನಕ ಆಕಿ ಮತ್ತೇನೂ ಕೇಳ್ಲಿಲ್ರಿ.'

ಇನ್ನು ಉಳಿದಿರುವುದು ಮೂರು ಶಾಲೆ. ಅಕ್ಕೋರು ರಸ್ತೆಗೆ ಬಂದು ಮುಂಡರಗಿ ಬಸ್ಸಿಗೆ ಕಾಯುತ್ತಾರೆ. ಮುತ್ತವ್ವ ಈಗ ಬಂದು ಅದನ್ನೇ ಕೇಳಿದರೆ ಏನು ಹೇಳುತ್ತೀರಿ ಎಂದು ಜೊತೆಗೆ ಬಂದ ಮಾಂತೇಶ ಕೇಳುತ್ತಾರೆ. ಅಕ್ಕೋರು ಡಬ್ಬಿ ತೆರೆದು ತಾವೇ ಒಂದು ಹರಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದು ಕರಗುವ ತನಕ ರಸ್ತೆ ನೋಡುತ್ತಾರೆ. ಒಂದು ಬಸ್ಸು ನಿಲ್ಲದೆ ಹೋಗುತ್ತದೆ.

'ಉತ್ತರ ನನ್ನ ಕಡೆ ಇಲ್ರಿ. ನಿನಗೇನು ಅನಸತೈತಿ ಯವ್ವಾ ಅಂತ ಕೇಳ್ತೀನಿ. ಆಕಿ ಹೇಳೂ ತನಕ ಬಾಜೂಕ ಕುಂಡರ್ತೀನಿ.'